ತೆಂಗಿನ ಸೀಮೆಯಲ್ಲಿ ಲೋಯರ್ ಸೆಕೆಂಡರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸುತ್ತಿನ ಹಳೆಯ ಮನೆಗಳಲ್ಲಿ ಅಟ್ಟಕ್ಕೆ ಸಲ್ಲುವ ಮರ್ಯಾದೆ ನಡುಮನೆಗೂ ಸಲ್ಲುವುದಿಲ್ಲ. ಬಲಿತ ಕಾಯಿಯನ್ನು ಮಟ್ಟೆಸಮೇತ ಅಲ್ಲಿಗೇರಿಸಿ, ಕೆಳಗಿನ ಒಲೆಯ ಹೊಗೆ ಹಿತಮಿತವಾಗಿ ತಾಗುವಂತೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಕೈಯಲ್ಲಿ ಹಿಡಿದು ಅಲುಗಿಸಿದರೆ ಗಡಗಡನೆ ಸದ್ದುಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ಆ ಸದ್ದು ಕೇಳುವುದಕ್ಕೆ ಮೊದಲೇ ಕಾಯಿ ಒಡೆದವನು ತನ್ನ ಆತುರಕ್ಕೆ ತಾನೇ ದಂಡ ತೆತ್ತಂತೆ. ಇಂಥ ಅಟ್ಟಗಳ ಒಂದು ಮೂಲೆಯಲ್ಲಿ, ಕಾಯಿಯ ರಾಶಿಗೆ ತಾಗದ ಹಾಗೆ, ತಗಡಿನ ಪೆಟ್ಟಿಗೆಯೊಂದು ಇರುವುದುಂಟು. ಕಂದಾಯದ ರಸೀತಿ, ಕ್ರಯಪತ್ರ, ಲಗ್ನಪತ್ರಿಕೆಗಳ ನಡುವೆ ಅದರಲ್ಲಿ ಹಳದಿಗಟ್ಟಿದ ಇನ್ನೊಂದು ಕಾಗದವೂ ಮಡಿಸಿಟ್ಟಿರುತ್ತದೆ. ಅದು ಆ ಮನೆಯ ಹಿರಿಯರೊಬ್ಬರು ಲೋಯರ್ ಸೆಕೆಂಡರಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದುದಕ್ಕೆ ಮೈಸೂರು ಸರ್ಕಾರದವರು ಕೊಟ್ಟ ಸರ್ಟಿಫಿಕೇಟು. ಹೆಣ್ಣು ಕೊಡುವವರು ತೋಟವೆಷ್ಟು, ಮರವೆಷ್ಟು ಎಂದು ವಿಚಾರಿಸಿಕೊಂಡ ಮೇಲೆ ಕೇಳುತ್ತಿದ್ದ ಮಾತು ‘ಹುಡುಗನಿಗೆ ಎಲ್.ಎಸ್. ಆಗಿದೆಯೇ’ ಎಂಬುದಾಗಿತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಎರಡಕ್ಷರದ ಹಿಂದೆ ಒಬ್ಬ ಹುಡುಗನು ಏನೇನನ್ನು ಓದಿರುತ್ತಿದ್ದನು, ಮುಂಗಾರಿನಲ್ಲಿ ಶಾಲೆ ತೆರೆದಂದಿನಿಂದ ಮಹಾನವಮಿಯ ರಜದವರೆಗಿನ ಮೊದಲನೆಯ ಅವಧಿಯಲ್ಲಿ ಅವನ ಸ್ಲೇಟಿನ ಮೇಲೂ ನಾಲಗೆಯ ಮೇಲೂ ಯಾವ ಯಾವ ವಿದ್ಯೆಗಳು ಹಾದುಹೋಗುತ್ತಿದ್ದುವು ಎಂಬುದನ್ನು ಅನುಲಕ್ಷಿಸಿ ನಾಲ್ಕು ಮಾತುಗಳನ್ನು ಬರೆಯುವುದು ಈ ಲೇಖನದ ಉದ್ದೇಶ.

ಲೋಯರ್ ಸೆಕೆಂಡರಿಗೆ ಮುಂಚಿನ ವಿದ್ಯೆಯನ್ನು ನೋಡದೆ ಅದರ ಸ್ವರೂಪ ತಿಳಿಯಲಾರದು. ಸರ್ಕಾರದ ಶಾಲೆಗಳು ಕಾಲಿಡುವುದಕ್ಕೆ ಪೂರ್ವದಲ್ಲಿ ಈ ಸೀಮೆಯ ಗ್ರಾಮಗಳಲ್ಲಿ ವಿದ್ಯೆಗೆ ಆಶ್ರಯವಾಗಿದ್ದುದು ಕೂಲಿಮಠ. ದೇವಸ್ಥಾನದ ಪಡಸಾಲೆಯೋ, ಪಟೇಲರ ಮನೆಯ ಜಗುಲಿಯೋ, ಊರ ಮುಂದಿನ ಮಂಟಪವೋ ಅದಕ್ಕೆ ಸ್ಥಳ. ಐಗಳು ಅದಕ್ಕೆ ಅಧಿಪತಿ. ಹುಡುಗರ ಮನೆಗಳಿಂದ ಬರುವ ರಾಗಿ, ಕಾಯಿ, ಕಾಸು ಅವರ ವರಮಾನ. ಮೊದಲು ಮರಳಿನ ಮೇಲೆ ತೋರುಬೆರಳಿನಿಂದ ತಿದ್ದಿ, ಅಕ್ಷರ ಕೈಗೆ ಹತ್ತಿದ ಮೇಲೆ ಹುಡುಗನು ಕಡತಕ್ಕೆ ಏರುತ್ತಿದ್ದನು. ಈ ಕಡತವೆಂಬುದು ಈಗಿನವರು ತಿಳಿದಿರುವಂತೆ ಕಚೇರಿಯ ಕಾಗದಪತ್ರಗಳ ಕಟ್ಟಲ್ಲ. ಎಂಟರಿಂದ ಹನ್ನೆರಡು ಅಂಗುಲ ಅಗಲದ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಯ ಬಟ್ಟೆಗೆ ಹುಣಸೆಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಎರಡು ಮಗ್ಗುಲಿಗೂ ಬಳಿದು, ಒಣಗಿದ ಮೇಲೆ ಹಿಂದಕ್ಕೂ ಮುಂದಕ್ಕೂ ಮಡಿಸಿ ಪುಸ್ತಕದಂತೆ ಮಾಡಿಕೊಂಡರೆ ಅದು ಕಡತ; ಅದರ ಮೇಲೆ ಬಳಪದಿಂದ ಬರೆದ ಬರಹ ಬೆಳ್ಳಗೆ ಎದ್ದು ಕಾಣುವುದು; ಬೇಡವಾದಾಗ ಅಳಿಸಿ ಪುನಃ ಬರೆಯಬಹುದು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ಇದನ್ನು ಕಂಡು ಬೆರಗಾಗಿ ತನ್ನ ಚರಿತ್ರೆಯಲ್ಲಿ ಸವಿಸ್ತಾರವಾಗಿ ವರ್ಣಿಸಿದ್ದಾನೆ. ಆ ಬಟ್ಟೆಯ ಪುಸ್ತಕ ಮಾಯವಾಗಿ ಎಷ್ಟೋ ಕಾಲವಾದರೂ ಅದರ ಹೆಸರು ಮಾತ್ರ ಸರ್ಕಾರಿ ಕಚೇರಿಗಳಲ್ಲಿ ಸಿಕ್ಕಿಕೊಂಡು ‘ಕಡತ ವಿಲೇವಾರಿ’ ಎಂಬ ಮಾತಿನಲ್ಲಿ ಇನ್ನೂ ಉಸಿರಾಡುತ್ತಿದೆ. ಬಳಪದ ಮಾತಿಗೆ ಬಂದರೆ, ಅರಳಗುಪ್ಪೆಯ ಚನ್ನಕೇಶವ ದೇವಾಲಯದ ಗೋಡೆಯೂ ತುರುವೇಕೆರೆಯ ಹೊಯ್ಸಳ ಶಿಲ್ಪಗಳೂ ಅದೇ ಬಳಪದ ಕಲ್ಲಿನ ಜಾತಿಯವು. ಶಿಲ್ಪಿಯ ಉಳಿಗೆ ಒದಗಿದ ಮೃದುತ್ವವೇ ಕೂಲಿಮಠದ ಹುಡುಗನ ಕೈಗೂ ಒದಗಿತ್ತೆಂದು ಬಗೆಯುವುದರಲ್ಲಿ ನನಗೊಂದು ಸಂತೋಷವಿದೆ.

ಆ ಮಠಗಳ ಶಿಸ್ತು ಕಠಿನವಾದುದು. ೧೮೨೩ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲನು ಕನ್ನಡ, ತೆಲುಗು ಮಠಗಳನ್ನು ಕುರಿತು ಮದರಾಸು ಸರ್ಕಾರಕ್ಕೆ ಕಳುಹಿಸಿದ ವರದಿಯಲ್ಲಿ, ಬೆಳಗಿನಲ್ಲಿ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನೂ ಎರಡನೆಯವನ ಅಂಗೈಯಲ್ಲಿ ಸೊನ್ನೆಯನ್ನೂ ಬರೆದು, ಮೂರನೆಯವನಿಂದ ಮೊದಲುಗೊಂಡು ತಡವಾದಷ್ಟೂ ಪೆಟ್ಟಿನ ಸಂಖ್ಯೆಯನ್ನು ಏರಿಸುತ್ತಿದ್ದರೆಂದು ತಿಳಿಸಿದ್ದಾನೆ. ತಪ್ಪು ದೊಡ್ಡದಾದರೆ ತೊಲೆಗೆ ಕೈಕಟ್ಟಿ ತೂಗಹಾಕುವ ಕೋದಂಡವೆಂಬ ಶಿಕ್ಷೆಯೂ ಉಂಟಷ್ಟೆ. ಹುಡುಗನು ಕಾಗುಣಿತ, ಒತ್ತಕ್ಷರಗಳನ್ನು ಮುಗಿಸಿ ಅಮರಕೋಶಕ್ಕೂ ಜೈಮಿನಿ ಭಾರತಕ್ಕೂ ಹೋಗುತ್ತಿದ್ದನು. ಅರ್ಥವಾಗದ ಪದ್ಯವನ್ನು ಬಾಯಿಪಾಠ ಮಾಡಿಸುತ್ತಾರೆಂದು ಕ್ಯಾಂಬೆಲನು ಆಕ್ಷೇಪಿಸಿದ್ದು ನಿಜವೇ ಆದರೂ, ಅರ್ಥ ಆಮೇಲೆ ಬರಲಿ, ಮೊದಲು ಧಾಟಿ ಕಿವಿಯಲ್ಲಿ ನಿಲ್ಲಲಿ ಎಂಬ ಐಗಳ ಪಕ್ಷವನ್ನೂ ನಾವು ಸುಮ್ಮನೆ ತಳ್ಳಿಹಾಕಲಾಗದು. ಆದರೆ ಮಠದ ನಿಜವಾದ ಪ್ರಭುತ್ವವಿದ್ದುದು ಲೆಕ್ಕದಲ್ಲಿ. ಎರಡೊಂದ್ಲ ಎರಡರಿಂದ ಆರಂಭವಾಗುವ ಮಗ್ಗಿ ಅಲ್ಲಿಗೇ ನಿಲ್ಲದೆ, ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗೂ, ಹಣದ ಅರ್ಧವಾದ ಅಡ್ಡ, ಕಾಲುಭಾಗವಾದ ಹಾಗ, ಹದಿನಾರರಲ್ಲಿ ಒಂದು ಪಾಲಾದ ವೀಸ ಎಂಬ ಭಿನ್ನರಾಶಿಗಳ ಮಗ್ಗಿಗೂ ವಿಸ್ತರಿಸುತ್ತಿತ್ತು. ಸಾಯಂಕಾಲ ಮಠ ಬಿಡುವ ಮುನ್ನ ಎಲ್ಲರೂ ನಿಂತು ಒಕ್ಕೊರಲಿನಲ್ಲಿ ಅದನ್ನು ಹೇಳುವಾಗ ಊರಿಗೆ ಊರೇ ಕೇಳುತ್ತಿತ್ತೆಂದಮೇಲೆ, ಮಠದ ಮುಖವನ್ನೇ ಕಾಣದ ಕೆಲವರಿಗೂ ಆ ಮಗ್ಗಿ ಬಾಯಿಗೆ ಬಂದುದು ಆಶ್ಚರ್ಯವಲ್ಲ.

ಈ ವಿದ್ಯಾವರ್ಷಕ್ಕೂ ಒಂದು ಅವಧಿಯಿತ್ತು. ಅದರ ಕೊನೆಯನ್ನು ಸಾರುತ್ತಿದ್ದುದು ಗಂಟೆಯಲ್ಲ, ಮಹಾನವಮಿ. ಆ ದಿನಗಳಲ್ಲಿ ಹುಡುಗರು ಮಡಿಬಟ್ಟೆಯುಟ್ಟು, ಕೋಲು ಹಿಡಿದು, ಐಗಳೊಡನೆ ಮನೆಮನೆಗೂ ಹೋಗಿ ಚೌಪದವನ್ನು ಹಾಡಿ, ಮನೆಯವರನ್ನು ಹರಸಿ, ಗುರುಗಳಿಗೆ ಕಾಣಿಕೆ ಪಡೆದು ತರುತ್ತಿದ್ದರು. ಆರು ತಿಂಗಳ ಓದಿನ ಪರೀಕ್ಷೆಯನ್ನು ಊರವರೇ ತಮ್ಮ ತಮ್ಮ ಬಾಗಿಲಲ್ಲಿ ನಿಂತು ನಡೆಸಿದಂತೆ ಅದು. ತಡವರಿಸುವ ಮಗನನ್ನು ಕಂಡ ತಂದೆಗೆ ಬೇರೆ ಪ್ರೋಗ್ರೆಸ್ ರಿಪೋರ್ಟು ಬೇಕಾಗುತ್ತಿರಲಿಲ್ಲ.

ಮೈಸೂರಿನಲ್ಲಿ ವಿದ್ಯಾಭ್ಯಾಸದ ಇಲಾಖೆ ಸ್ಥಾಪಿತವಾದುದು ೧೮೫೭ರಲ್ಲಿ. ಮೊದಲ ಹತ್ತು ವರ್ಷ ಅದರ ದೃಷ್ಟಿ ಪಟ್ಟಣಗಳ ಮೇಲೆ ನೆಟ್ಟಿತ್ತೇ ಹೊರತು ಹಳ್ಳಿಗಳ ಮೇಲಲ್ಲ. ೧೮೬೮ರಲ್ಲಿ ಬೆಂಜಮಿನ್ ಲೂಯಿ ರೈಸ್ ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನು ತಂದುದರಿಂದ ಸರ್ಕಾರದ ವಿದ್ಯೆ ತೆಂಗಿನ ತೋಟಗಳ ನಡುವಿನ ಕಾಲುದಾರಿಯನ್ನು ಹಿಡಿಯಿತು. ಶಾಸನಗಳ ಸಂಗ್ರಾಹಕನೆಂದು ನಾವು ಗೌರವಿಸುವ, ೧೯೦೪ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದ ರೈಸ್ ಸಾಹೇಬನೇ ಈತ. ಕಲ್ಲಿನ ಮೇಲಿನ ಅಕ್ಷರವನ್ನು ಓದಿದ ಮಹನೀಯನೇ ಸ್ಲೇಟಿನ ಮೇಲಿನ ಅಕ್ಷರವನ್ನೂ ಊರೂರಿಗೆ ಕಳುಹಿಸಿದನೆಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ಇದೇ ಕಾಲದಲ್ಲಿ ಈ ಸೀಮೆಯ ಭೂಪಟವೂ ಬದಲಾಯಿತು. ಹಿಂದೆ ತಾಲ್ಲೂಕಿಗೆ ಮುಖ್ಯಸ್ಥಾನವಾಗಿದ್ದುದು ಹೊನ್ನವಳ್ಳಿ. ತಿಪಟೂರಾದರೋ ಸಾಧಾರಣವಾದ ಊರು. ರೈಲು ಬೆಂಗಳೂರಿನಿಂದ ಹೊರಟು ತುಮಕೂರು, ಗುಬ್ಬಿಗಳ ಮೇಲೆ ಬಂದು ತಿಪಟೂರನ್ನು ತಾಗಿ ಅರಸೀಕೆರೆಯ ಕಡೆಗೆ ಸಾಗಿದ ಆ ೧೮೮೦ರ ದಶಕದಲ್ಲಿ ಹೊನ್ನವಳ್ಳಿಯ ಕಚೇರಿ ತಿಪಟೂರಿಗೆ ಬಂತು, ತುರುವೇಕೆರೆ ಅದರ ಉಪತಾಲ್ಲೂಕಾಗಿ ನಿಂತಿತು, ಕೊಬ್ಬರಿಯ ಮಂಡಿಗಳು ಸ್ಟೇಷನ್ನಿನ ಹತ್ತಿರಕ್ಕೆ ಸರಿದುವು. ಉಂಡೆ ಕೊಬ್ಬರಿ ರೈಲು ಹತ್ತಿ ಉತ್ತರದ ಊರುಗಳಿಗೆ ಹೊರಟ ಮೇಲೆ, ತಂತಿಯನ್ನು ಓದಬಲ್ಲ, ರವಾನೆಯ ರಸೀತಿಯನ್ನು ತುಂಬಬಲ್ಲ, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಗೀಚಬಲ್ಲ ಹುಡುಗರು ಮಂಡಿಗೂ ಬೇಕಾದರು, ಅಮಲ್ದಾರರ ಕಚೇರಿಗೂ ಬೇಕಾದರು. ಐಗಳ ಮಠಕ್ಕೆ ಈ ಬೇಡಿಕೆಯನ್ನು ಪೂರೈಸುವ ಶಕ್ತಿಯಿರಲಿಲ್ಲ. ಆ ಜಾಗವನ್ನು ತುಂಬಿದುದೇ ಎ.ವಿ. ಸ್ಕೂಲು, ಎಂದರೆ ಆಂಗ್ಲೋ ವರ್ನಾಕ್ಯುಲರ್ ಶಾಲೆ. ಅದರ ಶಿಖರವೇ ಲೋಯರ್ ಸೆಕೆಂಡರಿ ಪರೀಕ್ಷೆ. ನಾಲ್ಕು ವರ್ಷ ಪ್ರೈಮರಿ, ಅದರ ಮೇಲೆ ನಾಲ್ಕು ವರ್ಷ ಮಿಡಲ್ ಸ್ಕೂಲು, ಅದರ ಮೇಲೆ ಮೂರು ವರ್ಷ ಹೈಸ್ಕೂಲು ಎಂಬ ಸೋಪಾನಕ್ರಮ ಹಳೆಯ ಮೈಸೂರಿನಲ್ಲಿ ನೆಲೆಗೊಂಡ ಮೇಲೆ, ಎಂಟನೆಯ ಮೆಟ್ಟಿಲಿನ ತುದಿಗೆ ಈ ಪಬ್ಲಿಕ್ ಪರೀಕ್ಷೆ ಹೆಬ್ಬಾಗಿಲಿನಂತೆ ನಿಂತಿತು. ಇಂಗ್ಲಿಷಿನ ಗೊಡವೆಯಿಲ್ಲದ ಕನ್ನಡ ಎಲ್.ಎಸ್. ಬೇರೆಯಿತ್ತು, ಅದನ್ನು ಮುಗಿಸಿದವನು ಪ್ರೈಮರಿ ಶಾಲೆಯ ಮೇಷ್ಟರಾಗಬಹುದಾಗಿತ್ತು, ಶಾನುಭೋಗಿಕೆಗೆ ಕೈಹಾಕಬಹುದಾಗಿತ್ತು.

ಈಗ ಆ ತರಗತಿಯೊಳಕ್ಕೆ ಹೋಗೋಣ. ಜೂನ್ ತಿಂಗಳು, ಬೇಸಗೆಯ ರಜ ಮುಗಿದಿದೆ, ಮೃಗಶಿರೆಯ ಮಳೆ ಬಿದ್ದು ತೋಟದ ಕೆಂಪು ಮಣ್ಣು ಕಾಲಿಗೆ ಅಂಟುತ್ತಿದೆ. ಮೂರು ನಾಲ್ಕು ಮೈಲಿಯ ಹಳ್ಳಿಯಿಂದ ನಡೆದು ಬಂದ ಹುಡುಗನು ಬುತ್ತಿಯ ಗಂಟನ್ನು ಕಿಟಕಿಯಲ್ಲಿಟ್ಟು ಮಣೆಯ ಮೇಲೆ ಕೂರುತ್ತಾನೆ. ದೂರದವನಾದರೆ ಬಂಧುಗಳ ಮನೆಯಲ್ಲಿಯೋ ಮಠದಲ್ಲಿಯೋ ಉಳಿದಿರುತ್ತಾನೆ, ಇಲ್ಲವೇ ಏಳು ಮನೆಗಳಲ್ಲಿ ವಾರಾನ್ನ ಹಚ್ಚಿಕೊಂಡು, ಸೋಮವಾರದ ಮನೆಯ ಸಾರಿಗೂ ಮಂಗಳವಾರದ ಮನೆಯ ಮುಖಕ್ಕೂ ಒಗ್ಗಿಕೊಂಡಿರುತ್ತಾನೆ. ಅಂಥ ಹುಡುಗನಿಗೆ ಈ ಅವಧಿಯ ಪಾಠಗಳ ಜೊತೆಗೆ ಲೋಕಾನುಭವದ ಇನ್ನೊಂದು ಪತ್ರಿಕೆಯೂ ಸೇರಿದಂತಾಯಿತು.

ಮೊದಲನೆಯ ಪಿರಿಯಡ್ಡು ಕನ್ನಡ. ಗದ್ಯಪಾಠ, ಪದ್ಯಪಾಠ, ವ್ಯಾಕರಣ, ಪ್ರಬಂಧ, ಉಕ್ತಲೇಖನ ಎಂದು ಅದಕ್ಕೆ ಐದು ಮುಖ. ಪದ್ಯವನ್ನು ಮೇಷ್ಟರು ರಾಗವಾಗಿ ಓದಿ, ಅನ್ವಯ ಮಾಡಿಸಿ, ಪ್ರತಿಪದಾರ್ಥ ಬರೆಯಿಸಿ, ಭಾವಾರ್ಥವನ್ನು ಹೇಳಿಸುವಷ್ಟರಲ್ಲಿ ಒಂದು ಷಟ್ಪದಿಗೆ ಒಂದು ವಾರ ಸಲ್ಲುತ್ತಿತ್ತು. ಆದರೆ ಆ ವಾರದಲ್ಲಿ ಕಲಿತ ಷಟ್ಪದಿ ಎಪ್ಪತ್ತು ವರ್ಷಗಳಾದ ಮೇಲೂ ತೋಟದ ಬದುವಿನ ಮೇಲೆ ಕುಳಿತ ಮುದುಕನ ಬಾಯಿಂದ ಅಕ್ಷರ ತಪ್ಪದೆ ಹೊರಡುವುದನ್ನು ನಾವು ಕೇಳಿದ್ದೇವೆ. ವ್ಯಾಕರಣದಲ್ಲಿ ಮೊದಲ ಅವಧಿಗೆ ಸಂಧಿ, ಎರಡನೆಯದಕ್ಕೆ ಸಮಾಸ ಎಂಬುದು ಮೇಷ್ಟರುಗಳ ರೂಢಿಯಾಗಿತ್ತು. ಲೋಪ, ಆಗಮ, ಆದೇಶಗಳಿಗೆ ಉದಾಹರಣೆ ಹುಡುಕುವುದರಲ್ಲಿ ತೆಂಗಿನ ಸೀಮೆಯ ಹುಡುಗನಿಗೇನೂ ಕೊರತೆಯಿಲ್ಲ: ‘ಕಾಯಿ’ಯೊಂದನ್ನು ಎತ್ತಿಕೊಂಡು ‘ಕಾಯನ್ನು’ ಸರಿಯೋ ‘ಕಾಯಿಯನ್ನು’ ಸರಿಯೋ ಎಂದು ವಾದಿಸುತ್ತ ಗಂಟೆ ಬಾರಿಸುವವರೆಗೆ ಕಾಲ ಕಳೆಯಬಹುದು.

ಈ ಸೀಮೆ ಕನ್ನಡದ ತರಗತಿಗೆ ತಾನೂ ಕೆಲವು ಋಣಗಳನ್ನು ಹೊರಿಸಿದೆ. ೧೮೮೪ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದುದು ತುರುವೇಕೆರೆಯ ಬಳಿಯ ಸಂಪಿಗೆಯಲ್ಲಿ. ಅವರ ‘ಇಂಗ್ಲಿಷ್ ಗೀತಗಳು’ ಹೊರಬಿದ್ದ ಮೇಲೆ ಹೊಸಗನ್ನಡದ ಪದ್ಯ ಹಿಡಿದ ನಡೆ ಬೇರೆಯಾಗಿ, ಷಟ್ಪದಿ, ಕಂದಗಳಷ್ಟೇ ಇದ್ದ ಪಠ್ಯಪುಸ್ತಕದ ಪುಟಗಳಲ್ಲಿ ಭಾವಗೀತಕ್ಕೂ ಎಡೆ ದೊರೆಯಿತು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ೧೯೦೬ರಲ್ಲಿ ಜನಿಸಿದ ತೀ.ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯಂಥ ಘನಗ್ರಂಥದ ಕರ್ತೃಗಳೆಂಬುದು ವಿದ್ವಾಂಸರಿಗೆ ತಿಳಿದಿದೆ. ಶಾಲೆಯ ಹುಡುಗರಿಗಾದರೋ ಅವರು ‘ಕನ್ನಡ ಮಧ್ಯಮ ವ್ಯಾಕರಣ’ದ ತೀ.ನಂ.ಶ್ರೀ. ಹಳಗನ್ನಡದ ವೈಯಾಕರಣ ಕೇಶಿರಾಜನ ಸೂತ್ರಗಳ ಎದುರಿನಲ್ಲಿ ನಡುಗುತ್ತಿದ್ದ ಬಾಲಕನ ಕೈಗೆ ಅಷ್ಟು ತಿಳಿಯಾದ ಪುಸ್ತಕವನ್ನಿತ್ತ ಉಪಕಾರ ಕಾವ್ಯಮೀಮಾಂಸೆಯ ಉಪಕಾರಕ್ಕಿಂತ ಕಿರಿದಲ್ಲವೆಂದೇ ನನ್ನ ಮತ.

ಇಂಗ್ಲಿಷಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ರೀಡರಿನ ಪಾಠ, ಕಾಗುಣಿತ ತಪ್ಪಿದ ಪದವನ್ನು ಹತ್ತು ಸಲ ಬರೆಯುವುದು, ವಾಕ್ಯವನ್ನು ಬಿಡಿಸಿ ಪದಪದಕ್ಕೂ ಲಕ್ಷಣ ಹೇಳುವುದು, ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಅಕ್ಷರ ದುಂಡಗೆ ಮಾಡುವುದು, ಇಷ್ಟೆ. ತಾನು ಎಂದೂ ಕಾಣದ ಹಿಮದ ಮೇಲೂ ಓಕ್ ಮರದ ಮೇಲೂ ಹುಡುಗನು ಪಾಠ ಓದುತ್ತಿದ್ದನು. ಕಿಟಕಿಯ ಹೊರಗೆ ನಿಂತಿದ್ದ ತೆಂಗಿಗೆ ಆ ಪುಸ್ತಕದಲ್ಲಿ ಪ್ರವೇಶವಿರಲಿಲ್ಲ. ಡ್ರಾಯಿಂಗು, ಡ್ರಿಲ್ಲು, ನೀತಿಬೋಧೆಗಳು ವಾರದ ಕೊನೆಯ ಪಿರಿಯಡ್ಡುಗಳನ್ನು ಹಂಚಿಕೊಳ್ಳುತ್ತಿದ್ದುವು.

ಗಣಿತವೊಂದರಲ್ಲಿ ಮಾತ್ರ ತೋಟವೂ ತರಗತಿಯೂ ಮುಖಾಮುಖಿಯಾಗಿ ನಿಂತುವು. ಆಗ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಮಣಕ್ಕೆ ನಾಲ್ವತ್ತು ಸೇರು. ಎಕರೆಗೆ ನಾಲ್ವತ್ತು ಗುಂಟೆ, ಮೂವತ್ತಮೂರು ಅಡಿಯ ಸರಪಳಿ ನಾಲ್ಕು ಮಗ್ಗುಲಿಗೂ ತಿರುಗಿದರೆ ಒಂದು ಗುಂಟೆ, ಆ ಗುಂಟೆಗೂ ಹದಿನಾರು ಆಣೆ. ೧೮೬೩ರಲ್ಲಿ ಮೈಸೂರಿನಲ್ಲಿ ಸರ್ವೆ ಆರಂಭವಾದಂದಿನಿಂದ ಭೂಮಿಯ ಲೆಕ್ಕ ರೈತನ ಮನೆಯ ಲೆಕ್ಕವೇ ಆಗಿತ್ತು. ತ್ರೈರಾಶಿ, ಪಂಚರಾಶಿ, ಬಡ್ಡಿ, ಲಾಭನಷ್ಟಗಳನ್ನು ಮೊದಲ ಅವಧಿಯಲ್ಲಿ ಮುಗಿಸಿದ ಹುಡುಗನ ಮುಂದೆ ಇಂಥದೊಂದು ಲೆಕ್ಕವನ್ನಿಡೋಣ: ಕೊಬ್ಬರಿಯ ಧಾರಣೆ ಮಣಕ್ಕೆ ಆರು ರೂಪಾಯಿ ನಾಲ್ಕಾಣೆ, ಮಾರಿದ್ದು ಹದಿಮೂರು ಮಣ ಹದಿನೈದು ಸೇರು, ಬರಬೇಕಾದುದೆಷ್ಟು? ಸ್ಲೇಟು ಹಿಡಿದವನು ಎಲ್ಲವನ್ನೂ ಪೈಗೆ ಇಳಿಸಿ, ಸೇರಿಗೆ ಇಳಿಸಿ, ಗುಣಿಸಿ, ನಾಲ್ವತ್ತರಿಂದ ಭಾಗಿಸಿ, ಮತ್ತೆ ರೂಪಾಯಿಗೆ ಏರಿಸುತ್ತಾ ಬೆವರುತ್ತಾನೆ. ಮಗ್ಗಿ ಕಲಿತವನು ಸ್ಲೇಟು ಮುಟ್ಟುವುದಿಲ್ಲ. ಹದಿಮೂರು ಆರಲ ಎಪ್ಪತ್ತೆಂಟು, ಹದಿಮೂರು ಕಾಲಲ ಮೂರೂಕಾಲು, ಕೂಡಿದರೆ ಎಂಬತ್ತೊಂದು ರೂಪಾಯಿ ನಾಲ್ಕಾಣೆ. ಹತ್ತು ಸೇರೆಂದರೆ ಕಾಲು ಮಣ, ಅದಕ್ಕೆ ಒಂದು ರೂಪಾಯಿ ಒಂಬತ್ತಾಣೆ. ಉಳಿದ ಐದು ಸೇರಿಗೆ ಅದರ ಅರ್ಧ, ಹನ್ನೆರಡಾಣೆ ಆರು ಪೈ. ಎಲ್ಲಾ ಸೇರಿ ಎಂಬತ್ತಮೂರು ರೂಪಾಯಿ ಒಂಬತ್ತಾಣೆ ಆರು ಪೈ. ತಕ್ಕಡಿಯ ತಟ್ಟೆ ನಿಲ್ಲುವುದರೊಳಗೆ ಮಂಡಿಯ ಗುಮಾಸ್ತೆ ಹೇಳುವ ಮೊತ್ತವನ್ನು ತಂದೆಯ ಪಕ್ಕದಲ್ಲಿ ನಿಂತ ಹುಡುಗನು ಮನಸ್ಸಿನಲ್ಲೇ ತಾಳೆನೋಡಿ, ಆರು ಪೈ ಕಡಮೆಯಾಗಿದ್ದರೆ ತಂದೆಯ ವಲ್ಲಿಯನ್ನು ಮೆಲ್ಲನೆ ಜಗ್ಗುತ್ತಿದ್ದನು. ಓದುಬಾರದ ರೈತನು ಮಗನನ್ನು ಶಾಲೆಗೆ ಕಳುಹಿಸಿದ ಖರ್ಚು ಆ ಒಂದು ಜಗ್ಗುವಿಕೆಯಲ್ಲಿ ಹಿಂದಿರುಗುತ್ತಿತ್ತು.

ಮನೆಯ ಎಣಿಕೆಗೂ ತರಗತಿಯ ಎಣಿಕೆಗೂ ನಡುವೆ ಒಂದು ಚಿಕ್ಕ ವಿರೋಧವಿದ್ದುದನ್ನು ಇಲ್ಲಿ ಹೇಳಬೇಕು. ಕಣದಲ್ಲಿ ರಾಗಿಯನ್ನು ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದು ನಮ್ಮ ಪದ್ಧತಿ. ಮನೆಯ ಎಣಿಕೆಯ ಅಭ್ಯಾಸದಿಂದ ತರಗತಿಯಲ್ಲಿ ‘ಲಾಭ, ಎರಡು, ಮೂರು’ ಎಂದು ಆರಂಭಿಸಿದ ಬಾಲಕನಿಗೆ ಮೇಷ್ಟರು ಕಿವಿ ಹಿಂಡಿ ‘ಒಂದು’ ಎಂದು ತಿದ್ದಿದರೆ, ಸಾಯಂಕಾಲ ಕಣದಲ್ಲಿ ‘ಒಂದು’ ಎಂದವನಿಗೆ ಅಜ್ಜನು ಅದೇ ಕಿವಿಯನ್ನು ಹಿಂಡುತ್ತಿದ್ದನು.

ಭೂಗೋಳ ಶಾಲೆಯ ಅಂಗಳದಿಂದ ಹೊರಟು ತಾಲ್ಲೂಕು, ಜಿಲ್ಲೆ, ಸಂಸ್ಥಾನ, ಇಂಡಿಯ, ಪ್ರಪಂಚ ಎಂದು ವಿಸ್ತರಿಸುತ್ತಿತ್ತು. ಸಂಸ್ಥಾನದ ಜಿಲ್ಲೆಗಳು ಎಂಟು ಎಂದು ಕಲಿತವರ ತಮ್ಮಂದಿರು ೧೯೩೯ರಲ್ಲಿ ಮಂಡ್ಯ ಬೇರೆಯಾದ ಮೇಲೆ ಒಂಬತ್ತು ಎಂದು ಕಲಿತರು. ದೇವರಾಯನದುರ್ಗದ ಸೀಮೆಯಲ್ಲಿ ಹುಟ್ಟುವ ಶಿಂಷೆ, ಚಿಕ್ಕನಾಯಕನಹಳ್ಳಿಯ ಕಡೆಯ ಕಬ್ಬಿಣ, ಮ್ಯಾಂಗನೀಸುಗಳ ಬೆಟ್ಟಸಾಲು, ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಸುವರ್ಣಮುಖಿಗೆ ಅಡ್ಡಲಾಗಿ ಕಟ್ಟಿದ ಬೋರನಕಣಿವೆಯ ಜಲಾಶಯ, ಇವನ್ನೆಲ್ಲ ಹುಡುಗರು ಬಾಯಿಪಾಠ ಮಾಡುತ್ತಿದ್ದರು. ಚರಿತ್ರೆಯೆಂದರೆ ಮೈಸೂರು ದೊರೆಗಳ ವಂಶಾವಳಿ, ಹೈದರ್ ಟಿಪ್ಪುಗಳ ಯುದ್ಧಗಳು, ಆಂಗ್ಲರ ಗವರ್ನರ್ ಜನರಲ್ಲುಗಳ ಅನುಕ್ರಮ. ಹಾಗಲವಾಡಿಯ ಪಾಳೆಯಗಾರರ ವಂಶದ ಚಿಕ್ಕನಾಯಕನ ಹೆಸರು ತಮ್ಮೂರಿಗೆ ಅಂಟಿದೆಯೆಂಬುದಾಗಲಿ, ಅರಳಗುಪ್ಪೆಯ ಕಲ್ಲೇಶ್ವರ ಗುಡಿ ಒಂಬತ್ತನೆಯ ಶತಮಾನದ್ದೆಂಬುದಾಗಲಿ ಪರೀಕ್ಷೆಗೆ ಬರುವ ಪ್ರಶ್ನೆಗಳಾಗಿರಲಿಲ್ಲವಾದುದರಿಂದ ಹುಡುಗರ ಗಮನಕ್ಕೂ ಬರಲಿಲ್ಲ.

ಆರೋಗ್ಯಶಾಸ್ತ್ರದ ಪಾಠವನ್ನು ಹುಡುಗರು ಪುಸ್ತಕದಿಂದ ಓದಿದುದಕ್ಕಿಂತ ಮೈಮೇಲೆ ಕಲಿತುದೇ ಹೆಚ್ಚು. ೧೮೯೮ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕ ಪ್ಲೇಗು ಹಲವು ದಶಕಗಳ ಕಾಲ ಹೋಗುತ್ತಾ ಬರುತ್ತಾ ಇತ್ತು. ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲತೋಟಗಳಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು, ಶಾಲೆಗೆ ಬೀಗ, ಅವಧಿಯ ಪಾಠಕ್ಕೆ ವಿರಾಮ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಓದಿದವರಿಗೆ ಈ ಗುಡಿಸಲುಗಳನ್ನು ನಾನು ವರ್ಣಿಸಬೇಕಾಗಿಲ್ಲ.

ಆ ಕಾದಂಬರಿಯ ನಂಜಮ್ಮನನ್ನು ನೆನೆದಾಗ ಇನ್ನೊಂದು ವಿಷಯವನ್ನು ಮುಚ್ಚಿಡಲಾಗದು. ಗಂಡನ ಕೈಲಾಗದ ಶಾನುಭೋಗಿಕೆಯ ಲೆಕ್ಕವನ್ನು ಆಕೆ ಗೆರೆ ಹೊಡೆದು, ಶಿರೋನಾಮೆ ಬರೆದು, ಪುಟಪುಟವಾಗಿ ತುಂಬುತ್ತಾಳೆ. ಸರ್ಕಾರದ ದೃಷ್ಟಿಯಲ್ಲಿ ಮಾತ್ರ ಶಾನುಭೋಗ ಗಂಡನೇ. ಎಲ್.ಎಸ್. ಸರ್ಟಿಫಿಕೇಟುಗಳು ದೊರೆಯುವ ತಗಡಿನ ಪೆಟ್ಟಿಗೆಗಳಲ್ಲಿ ಹೆಣ್ಣಿನ ಹೆಸರಿನದು ದೊರೆಯುವುದು ಅಪೂರ್ವ. ಮೈಸೂರು ನಗರದಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ೧೮೮೧ರಲ್ಲೇ ಆರಂಭವಾದರೂ, ಹನ್ನೆರಡು ತುಂಬಿದ ಹುಡುಗಿಯನ್ನು ಮೂರು ಮೈಲಿ ನಡೆಸಿ ಮಿಡಲ್ ಸ್ಕೂಲಿಗೆ ಕಳುಹಿಸುವ ಧೈರ್ಯ ಹಳ್ಳಿಯ ತಂದೆಗೆ ಇರಲಿಲ್ಲ, ಇಚ್ಛೆಯೂ ಇರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳ ಪಾಡಂತೂ ಇನ್ನೂ ದಾರುಣ. ತೋಟದಲ್ಲಿ ದುಡಿಯುವುದಕ್ಕೂ ಕಾಯಿ ಸುಲಿಯುವುದಕ್ಕೂ ಬೇಕಾದ ಆ ಮಕ್ಕಳ ಕೈ, ಸ್ಲೇಟು ಹಿಡಿಯುವುದಕ್ಕೆ ಬಂದಾಗ ಜಗುಲಿಯ ಕೆಳಗೆ ನಿಲ್ಲಬೇಕಾಗಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ೧೯೧೩ರಲ್ಲಿ ಆಯ್ದ ಕಡೆಗಳಲ್ಲಿ ಕಡ್ಡಾಯ ವಿದ್ಯಾಭ್ಯಾಸಕ್ಕೆ ಶಾಸನವಾಯಿತು. ಆ ದಶಕದಲ್ಲಿ ಹಾಗೂ ಅದರ ಅನಂತರ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರಂಥ ಅಧಿಕಾರಿಗಳು ಸರ್ಕಾರಿ ಶಾಲೆಗಳ ಬಾಗಿಲು ಯಾವ ಜಾತಿಯವರಿಗೂ ಮುಚ್ಚಕೂಡದೆಂದು ಹಟ ಹಿಡಿದರು. ಆಜ್ಞೆ ಕಾಗದದಿಂದ ಇಳಿದು ಮಣೆಯವರೆಗೆ ಬರುವುದಕ್ಕೆ ಮತ್ತೆ ಎಷ್ಟೋ ವರ್ಷಗಳು ಹಿಡಿದುವು. ಹಳೆಯ ಎಲ್.ಎಸ್. ವಿದ್ಯೆಯ ಘನತೆಯನ್ನು ಕೊಂಡಾಡುವವರು, ಮತ್ತು ನಾನೂ ಅವರಲ್ಲಿ ಒಬ್ಬನೇ, ಆ ತರಗತಿಯ ಹಾಜರಿಪಟ್ಟಿಯಲ್ಲಿ ಯಾರ ಹೆಸರು ಇರಲಿಲ್ಲವೆಂಬುದನ್ನೂ ಜೊತೆಗೇ ಓದಬೇಕು.

ಹಾಜರಿಪಟ್ಟಿಗೆ ಇನ್ನೊಂದು ಶತ್ರುವೂ ಇತ್ತು, ಅದು ಬೇಸಾಯ. ಮೊದಲನೆಯ ಅವಧಿ ಸರಿಯಾಗಿ ರಾಗಿಯ ಬಿತ್ತನೆ, ಕುಂಟೆ, ಕಳೆಗಳ ಕಾಲಕ್ಕೆ ಬೀಳುತ್ತದೆ. ಆರಿದ್ರೆ, ಪುನರ್ವಸುಗಳಲ್ಲಿ ಹದವಾದ ಮಳೆ ಬಿದ್ದ ಮರುದಿನ ತರಗತಿ ಅರ್ಧಕ್ಕಿಳಿಯುತ್ತಿತ್ತು. ಸಂಧಿಯ ಪಾಠವನ್ನು ತಪ್ಪಿಸಿಕೊಂಡ ಹುಡುಗ ಮಹಾನವಮಿಯ ರಜ ಕಳೆದ ಮೇಲೆ ಸಮಾಸದ ಮುಂದೆ ಕಣ್ಣುಬಿಡುತ್ತಾ ಕೂರುತ್ತಿದ್ದನು. ತೆಂಗಾದರೋ ಇಷ್ಟು ನಿರ್ದಯವಾದುದಲ್ಲ. ವರ್ಷದುದ್ದಕ್ಕೂ ಬಿಡುವ ಆ ಮರ, ಭಾನುವಾರ ಕಿತ್ತರೂ ಬೇಸರಿಸುವುದಿಲ್ಲ. ತೆಂಗಿನ ತೋಟವುಳ್ಳವರ ಮಕ್ಕಳು ಮಿಡಲ್ ಸ್ಕೂಲನ್ನು ಮುಗಿಸಿದುದಕ್ಕೂ ಬರಿಯ ಹೊಲವನ್ನು ನಂಬಿದವರ ಮಕ್ಕಳು ನಡುವೆಯೇ ಬಿಟ್ಟುದಕ್ಕೂ ಅನುಕೂಲತೆಯ ತಾರತಮ್ಯ ಮುಖ್ಯ ಕಾರಣವಾದರೂ, ಮರದ ಈ ಸೌಜನ್ಯವೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ.

ಈ ಲೋಕ ಮುಗಿದುದು ಸ್ವಾತಂತ್ರ್ಯದ ದಿನದಂದಲ್ಲ, ಅದಾದ ಹತ್ತು ಹನ್ನೆರಡು ವರ್ಷಗಳಲ್ಲಿ. ೧೯೫೬ರ ನವೆಂಬರ್ ಒಂದರಂದು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಕೆಳಗಿದ್ದ ಕನ್ನಡಿಗರು ಒಂದಾದಾಗ ಐದು ಬಗೆಯ ಪಠ್ಯಕ್ರಮಗಳೂ ಒಂದಾಗಬೇಕಾಯಿತು. ನಾಲ್ಕು, ನಾಲ್ಕು, ಮೂರು ಎಂಬ ಹಳೆಯ ಸೋಪಾನ ಹೋಗಿ ಏಳು ವರ್ಷದ ಪ್ರಾಥಮಿಕ, ಮೂರು ವರ್ಷದ ಪ್ರೌಢ ಎಂಬ ಕ್ರಮ ಬಂತು. ಮಿಡಲ್ ಸ್ಕೂಲೂ ಎಲ್.ಎಸ್. ಎಂಬ ಬಿರುದೂ ಹೆಸರಿಲ್ಲದಂತಾದುವು. ೧೯೫೭ರ ಏಪ್ರಿಲ್ ಒಂದರಂದು ರೂಪಾಯಿಗೆ ನೂರು ನಯೇಪೈಸೆಯಾಯಿತು. ೧೯೫೮ರಿಂದ ಹಂತಹಂತವಾಗಿ ಸೇರು ಮಣಗಳ ಸ್ಥಾನಕ್ಕೆ ಕಿಲೋಗ್ರಾಮು ಕ್ವಿಂಟಾಲುಗಳು ಬಂದುವು. ವೀಸ, ಹಾಗ, ಕಾಲು, ಮುಕ್ಕಾಲುಗಳ ಮಗ್ಗಿಗೆ ಕೆಲಸವಿಲ್ಲದಂತಾಯಿತು. ಇದನ್ನು ಅನಾಹುತವೆಂದು ಗೋಳಾಡುವವರ ಗುಂಪಿಗೆ ನಾನು ಸೇರಿದವನಲ್ಲ. ಆರು ಪೈಯ ಕಾಲುಭಾಗವನ್ನು ಕಂಡುಹಿಡಿಯುವುದರಲ್ಲಿ ಹುಡುಗರ ಆಯುಸ್ಸನ್ನು ವ್ಯಯಮಾಡಿಸುವುದಕ್ಕಿಂತ ದಶಾಂಶದ ಬಿಂದುವನ್ನು ಸರಿಸುವುದು ಖಂಡಿತವಾಗಿ ಸುಖಕರ. ಆದರೆ ಮಂಡಿಯ ಲೆಕ್ಕವೂ ತರಗತಿಯ ಲೆಕ್ಕವೂ ಒಂದೇ ಭಾಷೆಯಲ್ಲಿದ್ದ ಆ ಒಂದೇ ಒಂದು ಪಿರಿಯಡ್ಡು ಕೂಡ ಅನಂತರ ತೋಟದಿಂದ ದೂರ ಸರಿಯಿತೆಂಬುದು ವಾಸ್ತವ.

ಈಗಿನ ಎಂಟನೆಯ ತರಗತಿಯ ಮಗುವಿಗೆ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ದೈಹಿಕ ಶಿಕ್ಷಣ. ಪುಸ್ತಕಗಳು ಭಾಗ ಒಂದು, ಭಾಗ ಎರಡು ಎಂದು ಒಡೆದುಕೊಂಡಿವೆ; ಮೊದಲ ಭಾಗವನ್ನು ದಸರೆಯ ರಜಕ್ಕೆ ಮುಂಚೆ ಮುಗಿಸಿ ಸಂಕಲನಾತ್ಮಕ ಮೌಲ್ಯಮಾಪನವೆಂಬ ಪರೀಕ್ಷೆಯನ್ನು ಬರೆಯಬೇಕು. ಹುಡುಗಿಯರು ಸೈಕಲ್ಲೇರಿ ಸಾಲಾಗಿ ಬರುತ್ತಾರೆ. ಮಧ್ಯಾಹ್ನ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಬಿಸಿಯೂಟ. ವಾರಾನ್ನದ ಹುಡುಗನಿಗೂ ಜಗುಲಿಯ ಕೆಳಗೆ ನಿಂತ ಹುಡುಗನಿಗೂ ಇದು ನಂಬಲಾಗದ ದೃಶ್ಯವಾಗುತ್ತಿತ್ತು. ಅವಧಿ ಮಾತ್ರ ಹಳೆಯದೇ: ಮುಂಗಾರಿನಿಂದ ಮಹಾನವಮಿ.

ಆ ಮೊದಲ ಭಾಗದ ಸಮಾಜ ವಿಜ್ಞಾನದಲ್ಲಿ ಚರಿತ್ರೆಯನ್ನು ಆರಂಭಿಸುವ ಪಾಠ ‘ಆಧಾರಗಳು’ ಎಂಬುದು. ಶಾಸನ, ನಾಣ್ಯ, ತಾಳೆಗರಿ, ಬರವಣಿಗೆ ಮುಂತಾದುವುಗಳಿಂದ ಗತಕಾಲವನ್ನು ಹೇಗೆ ಅರಿಯಬೇಕೆಂದು ಅದು ಬೋಧಿಸುತ್ತದೆ. ಹಳೆಯ ಮನೆಗಳನ್ನು ಕೆಡವಿ ಆರ್.ಸಿ.ಸಿ. ಹಾಕಿಸುವ ಈ ದಿನಗಳಲ್ಲಿ ಅಟ್ಟಗಳು ಒಂದೊಂದಾಗಿ ಇಳಿಯುತ್ತಿವೆ. ಕಾಯಿಯನ್ನು ಗೋದಾಮಿಗೆ ಸಾಗಿಸಿದವರು ತಗಡಿನ ಪೆಟ್ಟಿಗೆಯನ್ನು ಗುಜರಿಗೆ ಹಾಕುತ್ತಿದ್ದಾರೆ. ಓದುಗರಲ್ಲಿ ಈ ಸೀಮೆಯವರು ಯಾರಾದರೂ ಇದ್ದರೆ ಅವರಲ್ಲಿ ನನ್ನದೊಂದು ವಿಜ್ಞಾಪನೆ: ಪೆಟ್ಟಿಗೆಯನ್ನು ಕೊಡುವ ಮೊದಲು ಒಮ್ಮೆ ತೆರೆದು ನೋಡಿರಿ. ಮಡಿಸಿದ ಕಡತವೋ, ನಾಲ್ಕು ಗೆರೆಯ ಕಾಪಿ ಪುಸ್ತಕವೋ, ಎಲ್.ಎಸ್. ಸರ್ಟಿಫಿಕೇಟೋ ದೊರೆತರೆ, ಜೂನ್ ತಿಂಗಳಲ್ಲಿ ನಿಮ್ಮೂರ ಶಾಲೆಯಲ್ಲಿ ಆ ಪಾಠ ನಡೆಯುವ ದಿನ ಅದನ್ನು ಮಗುವಿನ ಕೈಯಲ್ಲಿ ಕೊಟ್ಟು ಕಳುಹಿಸಿರಿ. ಪಾಠವಾದ ಮೇಲೆ ಜೋಪಾನವಾಗಿ ಹಿಂದಕ್ಕೆ ತರಿಸಿಕೊಳ್ಳಿರಿ.